ಮೊದಲ ನೊಬೆಲ್ ವಿಜೇತರನ್ನು ನಮ್ಮ ಮುಂಬಯಿ ಮಕ್ಕಳಿಗೆ ಪರಿಚಯ ಮಾಡಿಸುವುದು ಹೇಗೆ?

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಪ್ರತಿ ಭಾನುವಾರ ಸಂಜೆ ಹದಿನಾಲ್ಕು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮನೇಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಟಕ್ಕೆ ಇಳಿದರೆ ಮರಾಠಿ, ಹಿಂದಿ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನೊಬೆಲ್ ವಿಜೇತರ ದೊಡ್ಡ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆ: ಇಸವಿ, ಹೆಸರು, ದೇಶ. ಮಕ್ಕಳು ಬಾಯಿಪಾಠ ಮಾಡಿದರು, ಚೆನ್ನಾಗಿಯೇ ಒಪ್ಪಿಸಿದರು. ಎರಡು ವಾರ ಬಿಟ್ಟು ಕೇಳಿದರೆ ಟಾಗೋರರ ಹೆಸರು ಬಿಟ್ಟು ಬೇರೆ ಯಾವುದೂ ನೆನಪಿರಲಿಲ್ಲ. ಮರುವರ್ಷ ಚಾರ್ಟೇ ಮಾಡಲಿಲ್ಲ. ಮೊದಲು ಮನೆಯದೋ ಊರಿನದೋ ಒಂದು ವಸ್ತು ಮಗುವಿನ ಕೈಗೆ, ಆಮೇಲೆ ಹೆಸರು. ಅದು ಕೆಲಸ ಮಾಡಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೀಪಾವಳಿ ರಜೆ ಮುಗಿದ ಮೇಲೆ ಶುರು ಮಾಡಿ, ಡಿಸೆಂಬರ್ 10ಕ್ಕೆ ಮುಗಿಸಿ. ಆ ತಾರೀಖು ಯಾಕೆ ಅಂತ ಹೇಳುವುದರಲ್ಲೇ ಮೊದಲ ಭಾನುವಾರ ಕಳೆಯುತ್ತದೆ. ಡೈನಮೈಟ್ ಕಂಡುಹಿಡಿದು ಶ್ರೀಮಂತನಾದ ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್‌ಗೆ ಮಕ್ಕಳಿರಲಿಲ್ಲ. 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಉಯಿಲಿಗೆ ಸಹಿ ಹಾಕಿದ, ಮರುವರ್ಷ ಡಿಸೆಂಬರ್ 10ರಂದು ಇಟಲಿಯಲ್ಲಿ ತೀರಿಕೊಂಡ. ಆಸ್ತಿಯ ಬಹುಪಾಲು ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯ, ಸಾಹಿತ್ಯ, ಶಾಂತಿ, ಈ ಐದಕ್ಕೆ ಅಂತ ಬರೆದಿಟ್ಟಿದ್ದ. ನೆಂಟರು ತಕರಾರು ತೆಗೆದರು, ಅದೆಲ್ಲ ಬಗೆಹರಿದು ಮೊದಲ ಪ್ರಶಸ್ತಿ ಕೊಡುವಾಗ 1901 ಆಗಿತ್ತು. ಇಷ್ಟು ಹೇಳಿ ನಿಲ್ಲಿಸಿ, ಮಕ್ಕಳನ್ನೇ ಕೇಳಿ: ನಿಮ್ಮ ಹತ್ತಿರ ಅಷ್ಟು ದುಡ್ಡಿದ್ದರೆ ಯಾವ ಐದು ಕೆಲಸಕ್ಕೆ ಕೊಡ್ತೀರಿ? ನಮ್ಮಲ್ಲಿ ಒಬ್ಬಳು ಲೋಕಲ್ ರೈಲು ಓಡಿಸುವವರಿಗೆ ಅಂದಳು. ಅವಳ ಅಪ್ಪ ದಿನಾ ಬೆಳಗ್ಗೆ 7.12ರ ಲೋಕಲ್ ಹಿಡಿಯುತ್ತಾರೆ.

ಎರಡನೇ ವಾರ 1901ರವರು. ಮನೆಯಲ್ಲಿ ಹಳೇ ಎಕ್ಸ್‌ರೇ ಇದ್ದರೆ ತರೋಕೆ ಹೇಳಿ. ಯಾರದೋ ಅಜ್ಜಿಯ ಮಂಡಿ, ಯಾರದೋ ಮುರಿದ ಕೈ, ಖಂಡಿತ ಸಿಗುತ್ತದೆ. ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ ಮೇಲೆ ಎಕ್ಸ್‌ರೇ ಕಂಡುಹಿಡಿದು ಮೊದಲ ಭೌತಶಾಸ್ತ್ರ ಪ್ರಶಸ್ತಿ ಪಡೆದ ವಿಲ್ಹೆಲ್ಮ್ ರಾಂಟ್‌ಜೆನ್ ಕಥೆ ಹೇಳಿ. 1895ರ ಕೊನೆಯಲ್ಲಿ ಅವರು ಹೆಂಡತಿಯ ಕೈಯ ಚಿತ್ರ ತೆಗೆದಾಗ ಮೂಳೆಯ ಜೊತೆ ಬೆರಳಿನ ಉಂಗುರವೂ ಕಂಡಿತು. ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಬಹುಮಾನದ ಹಣವನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಇಂದು ಸಣ್ಣ ಕ್ಲಿನಿಕ್ಕಿನಲ್ಲೂ ಎಕ್ಸ್‌ರೇ ಸಿಗುವುದಕ್ಕೂ ಅದಕ್ಕೂ ಏನು ಸಂಬಂಧ ಅಂತ ದೊಡ್ಡ ಮಕ್ಕಳ ಜೊತೆ ಮಾತಾಡಿ.

ರಸಾಯನಶಾಸ್ತ್ರ ಕಷ್ಟ ಅನ್ನಿಸಬಹುದು, ಆದರೆ ಉಪ್ಪಿನಕಾಯಿ ಇದೆಯಲ್ಲ! ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಲ್ಟಾ, ಅದೇ ನೀರು ಕುಡಿದು ಉಬ್ಬುತ್ತದೆ. ಎರಡನ್ನೂ ಎರಡು ಬಟ್ಟಲಲ್ಲಿ ಶನಿವಾರ ರಾತ್ರಿಯೇ ಇಡಿ. ಹೀಗೆ ತೆಳು ಪೊರೆಯ ಆಚೆ ಈಚೆ ನೀರು ಹೋಗುವುದರ ಹಿಂದಿನ ಒತ್ತಡದ ಲೆಕ್ಕ ಕೊಟ್ಟವರು ಡಚ್ ವಿಜ್ಞಾನಿ ವಾಂಟ್ ಹಾಫ್. ಇಷ್ಟು ಸಾಕು, ಸಮೀಕರಣ ಬೇಡ.

ವೈದ್ಯಕ್ಕೆ ಮಕ್ಕಳ ಲಸಿಕೆ ಕಾರ್ಡ್ ತರಿಸಿ, ಡಿಪಿಟಿ ಅಂತ ಇರುವ ಕಡೆ ಬೆರಳಿಡಿಸಿ. ಆ 'ಡಿ' ಅಂದರೆ ಡಿಫ್ತೀರಿಯಾ, ನಮ್ಮ ಹಿರಿಯರ ಬಾಯಲ್ಲಿ ಗಂಟಲಮಾರಿ. ಅದಕ್ಕೆ ಸೀರಮ್ ಚಿಕಿತ್ಸೆ ತಂದ ಎಮಿಲ್ ಫಾನ್ ಬೇರಿಂಗ್‌ಗೆ ಮೊದಲ ವೈದ್ಯ ಪ್ರಶಸ್ತಿ. ಸೀರಮ್ ಬೇರೆ, ಲಸಿಕೆ ಬೇರೆ: ರೋಗ ಎದುರಿಸುವ ಅಂಶ ಆಗಲೇ ತಯಾರಿರುವ, ಪ್ರಾಣಿಯ ರಕ್ತದಿಂದ ತೆಗೆದ ತಿಳಿ ಸೀರಮ್; ರೋಗ ಬರುವ ಮೊದಲೇ ನಮ್ಮ ಮೈಯೇ ಆ ಅಂಶ ತಯಾರಿಸುವಂತೆ ಮಾಡುವುದು ಲಸಿಕೆ. ಇದನ್ನು ಬಿಡಿಸಿ ಹೇಳಿ, ಇಲ್ಲವಾದರೆ ಮಕ್ಕಳು ತಪ್ಪು ಕಲಿಯುತ್ತಾರೆ. ಜೊತೆಗೆ ದುಡಿದ ಜಪಾನಿನ ಕಿಟಾಸಾಟೊ ಹೆಸರು ಪ್ರಶಸ್ತಿಯಲ್ಲಿ ಬರಲಿಲ್ಲ, ಅದನ್ನೂ ಹೇಳಿ. ಸಾಹಿತ್ಯದ್ದು ಫ್ರಾನ್ಸಿನ ಕವಿ ಸುಲ್ಲಿ ಪ್ರುಧೋಮ್‌ಗೆ. ಟಾಲ್‌ಸ್ಟಾಯ್ ಬದುಕಿದ್ದಾಗ ಇವರಿಗೆ ಕೊಟ್ಟಿದ್ದಕ್ಕೆ ಸ್ವೀಡನ್ನಿನ ಬರಹಗಾರರೇ ಬೇಸರಪಟ್ಟರು.

ಶಾಂತಿಯದು ಇಬ್ಬರಿಗೆ, ಫ್ರೆಡರಿಕ್ ಪಾಸಿ ಮತ್ತು ಹೆನ್ರಿ ಡ್ಯುನಾಂಟ್. ನನಗೆ ಈ ಇಡೀ ಸಾಲಿನಲ್ಲಿ ತುಂಬಾ ಹತ್ತಿರದವರು ಡ್ಯುನಾಂಟ್. ವ್ಯಾಪಾರದ ಕೆಲಸಕ್ಕೆ ಹೊರಟಿದ್ದ ಮನುಷ್ಯ, 1859ರಲ್ಲಿ ಇಟಲಿಯ ಸೊಲ್ಫೆರಿನೋ ಎಂಬಲ್ಲಿ ಯುದ್ಧ ಮುಗಿದ ಬಯಲಲ್ಲಿ ಸಾವಿರಾರು ಗಾಯಾಳುಗಳು ನೀರಿಲ್ಲದೆ ಬಿದ್ದಿರುವುದನ್ನು ನೋಡಿ, ಹತ್ತಿರದ ಊರಿನ ಹೆಂಗಸರನ್ನು ಸೇರಿಸಿ, ಯಾವ ಕಡೆಯ ಸೈನಿಕ ಅಂತ ನೋಡದೆ ಆರೈಕೆಗೆ ನಿಂತರು. ರೆಡ್ ಕ್ರಾಸ್ ಹುಟ್ಟಿದ್ದು ಅಲ್ಲಿಂದ. ಆಮೇಲೆ ದಿವಾಳಿಯಾಗಿ ಊರು ಬಿಟ್ಟರು, ಜಗತ್ತು ಅವರನ್ನು ಮರೆತೇಬಿಟ್ಟಿತ್ತು, ಪ್ರಶಸ್ತಿ ಬಂದಾಗ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಆಸ್ಪತ್ರೆಯಲ್ಲಿದ್ದರು. ಇದನ್ನು ಓದಿ ಹೇಳಬೇಡಿ, ಕಥೆಯಾಗಿ ಹೇಳಿ. ಕೈಗೆ ಕೊಡಲು ಒಂದು ಬ್ಯಾಂಡೇಜ್ ಸುರುಳಿ ಸಾಕು. ಒಬ್ಬರಿಗೊಬ್ಬರು ಕಟ್ಟಲಿ.

ಮೂರನೇ ವಾರ ಸೊಳ್ಳೆಯದು, ಇದಕ್ಕೆ ಪೂರ್ತಿ ಒಂದು ಸಂಜೆ ಇಡಿ. ಮುಂಬಯಿ ಮಕ್ಕಳಿಗೆ ಮಲೇರಿಯಾ ಹೊಸ ಮಾತಲ್ಲ. ಮಳೆಗಾಲದಲ್ಲಿ ಗಲ್ಲಿಗಲ್ಲಿಗೆ ಹೊಗೆ ಬಿಡುವ ಮಷೀನ್ ಹಿಂದೆ ಓಡುವವರು ಇವರೇ. 1902ರ ವೈದ್ಯ ಪ್ರಶಸ್ತಿ ಪಡೆದ ರೊನಾಲ್ಡ್ ರಾಸ್ ಹುಟ್ಟಿದ್ದು ನಮ್ಮ ಹಿಮಾಲಯದ ಊರು ಅಲ್ಮೋರಾದಲ್ಲಿ. ನಮಗೆ ಇನ್ನೂ ಹತ್ತಿರದ ಮಾತೆಂದರೆ, 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ಡಾಕ್ಟರಾಗಿದ್ದಾಗ ಬಂಗಲೆಯ ಹತ್ತಿರ ಇಟ್ಟಿದ್ದ ಪೀಪಾಯಿಯ ನೀರಲ್ಲಿ ಸೊಳ್ಳೆಮರಿಗಳನ್ನು ಗಮನಿಸಿ, ನೀರು ನಿಲ್ಲದಿದ್ದರೆ ಸೊಳ್ಳೆ ಕಡಿಮೆಯಾಗುತ್ತದೆ ಅಂತ ಅವರಿಗೆ ಹೊಳೆದದ್ದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿ ಕಂಡರು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ, ಒಂದು ಸೊಳ್ಳೆ ಕಚ್ಚಿಸಿಕೊಂಡರೆ ಒಂದಾಣೆ. ಆ ಹೆಸರನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಮಕ್ಕಳನ್ನು ಸೊಸೈಟಿಯ ಸುತ್ತ ಕರೆದುಕೊಂಡು ಹೋಗಿ. ಹೂಕುಂಡದ ತಟ್ಟೆ, ಹಳೇ ಟೈರು, ಮುಚ್ಚಳವಿಲ್ಲದ ಡ್ರಮ್ಮು, ಎಲ್ಲೆಲ್ಲಿ ನೀರು ನಿಂತಿದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ನಮ್ಮವರು ಹನ್ನೊಂದು ಕಡೆ ಗುರುತು ಹಾಕಿದರು. ಮರುದಿನ ವಾಚ್‌ಮನ್ ಎಲ್ಲವನ್ನೂ ಚೆಲ್ಲಿದರು.

ನಾಲ್ಕನೇ ವಾರ ಹೊರಗೆ ಹೋಗಿ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ನಡೆದೇ ಜೆಜೆ ಕಲಾಶಾಲೆಗೆ ಹೋಗಬಹುದು. 1907ರ ಸಾಹಿತ್ಯ ಪ್ರಶಸ್ತಿ ಪಡೆದ ರಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಹುಟ್ಟಿದ್ದು ಈ ಆವರಣದಲ್ಲಿ. ಅಪ್ಪ ಇಲ್ಲಿ ಮೇಷ್ಟ್ರು. ಈಗ ನಿಂತಿರುವ ಮರದ ಬಂಗಲೆ ಆಮೇಲಿನದು. ಹತ್ತಿರದ ಕ್ರಾಫರ್ಡ್ ಮಾರ್ಕೆಟ್ ಬಾಗಿಲ ಮೇಲಿನ ಕಲ್ಲಿನ ಕೆತ್ತನೆ ಅವರಪ್ಪನ ವಿನ್ಯಾಸ, ಅದನ್ನೂ ತೋರಿಸಿ. ಮೌಗ್ಲಿಯ ಕಥೆ ಬರೆದವರು ಇವರೇ ಅಂದರೆ ಚಿಕ್ಕವರ ಕಣ್ಣು ಅರಳುತ್ತದೆ. ಬ್ರಿಟಿಷರ ಆಳ್ವಿಕೆಯೇ ಸರಿ ಅಂತ ನಂಬಿದ್ದವರು ಅನ್ನುವುದನ್ನು ದೊಡ್ಡ ಮಕ್ಕಳಿಗೆ ಮುಚ್ಚಿಡಬೇಡಿ.

ಇನ್ನೊಂದು ಜಾಗ ಪರೇಲಿನ ಹಾಫ್ಕಿನ್ ಸಂಸ್ಥೆ. ಒಳಗೆ ಹೋಗಬೇಕಾದರೆ ಮೊದಲೇ ಕೇಳಿಕೊಳ್ಳಿ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ವಾಲ್ಡೆಮಾರ್ ಹಾಫ್ಕಿನ್ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಅದೇ ವರ್ಷ ಪ್ಲೇಗ್ ಅಧ್ಯಯನಕ್ಕೆ ಇಲ್ಲಿಗೆ ಬಂದಿದ್ದ ಜರ್ಮನಿಯ ರಾಬರ್ಟ್ ಕಾಖ್‌ಗೆ, ಕ್ಷಯದ ಕೆಲಸಕ್ಕಾಗಿ, 1905ರಲ್ಲಿ ನೊಬೆಲ್ ಬಂತು. ಹಾಫ್ಕಿನ್‌ಗೆ ಬರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಹೇಳಿ.

ಮೇರಿ ಕ್ಯೂರಿಯನ್ನು ಎಲ್ಲರೂ ಬಲ್ಲರು, ಹಾಗಾಗಿ ಒಂದೇ ಸಂಗತಿ ಸೇರಿಸಿ: 1903ರ ಭೌತಶಾಸ್ತ್ರ ಪ್ರಶಸ್ತಿಗೆ ಮೊದಲು ಅವರ ಹೆಸರೇ ಇರಲಿಲ್ಲ. ಗೊತ್ತಾದಾಗ ಗಂಡ ಪಿಯರ್ ಪತ್ರ ಬರೆದು, ಕೆಲಸ ಇಬ್ಬರದೂ ಅಂದರು. ಟಾಗೋರರಿಗೆ ಕಾರವಾರದಿಂದ ಹೊರಡಿ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನರ ಅಜ್ಜಿಮನೆ ಆ ಕಡೆಯೇ. 1913ರ ಪ್ರಶಸ್ತಿಗೆ ಮೂವತ್ತು ವರ್ಷ ಮೊದಲು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದು ಒಂದು ನಾಟಕ ಬರೆದರು. ಆ ಕಡಲತೀರಕ್ಕೆ ಈಗ ಅವರದೇ ಹೆಸರು. ರಜೆಯಲ್ಲಿ ಅಲ್ಲಿ ಆಡಿಬಂದ ಮಗು ಆ ಹೆಸರನ್ನು ಮರೆಯೋದಿಲ್ಲ.

ಕೊನೆಯ ವಾರ ನೀವು ಮಾತಾಡಬೇಡಿ. ಪ್ರತಿ ಮಗು ಒಬ್ಬರನ್ನು ಆರಿಸಿಕೊಂಡು ಊರಿನ ಅಜ್ಜಿಗೋ ಅಜ್ಜನಿಗೋ ಫೋನಿನಲ್ಲಿ ಕನ್ನಡದಲ್ಲೇ ಕಥೆ ಹೇಳಲಿ. ತಡವರಿಸಿದರೆ ತಿದ್ದಬೇಡಿ, ಅಜ್ಜಿ ತಿದ್ದುತ್ತಾರೆ.

ಒಂದು ಪ್ರಶ್ನೆಗೆ ಮಾತ್ರ ತಯಾರಾಗಿರಿ, ಬಂದೇ ಬರುತ್ತದೆ: "ಆಂಟಿ, ಗಾಂಧೀಜಿ ಹೆಸರು ಎಲ್ಲಿ?" ಐದು ಸಲ ಅವರ ಹೆಸರು ಸೂಚಿಸಲಾಗಿತ್ತು, ಕೊಡಲಿಲ್ಲ. 1948ರಲ್ಲಿ ಅವರು ತೀರಿಕೊಂಡ ವರ್ಷ, ಬದುಕಿರುವ ಯೋಗ್ಯರು ಯಾರೂ ಇಲ್ಲ ಅಂತ ಶಾಂತಿ ಪ್ರಶಸ್ತಿಯನ್ನೇ ಯಾರಿಗೂ ಕೊಡಲಿಲ್ಲ. ನಾನು ಹೀಗೇ ನೇರವಾಗಿ ಹೇಳಿದೆ. ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಮುಂದಿನ ಭಾನುವಾರ ಗಾಂಧೀಜಿ ಮುಂಬಯಿಗೆ ಬಂದಾಗ ಉಳಿದುಕೊಳ್ಳುತ್ತಿದ್ದ ಮನೆ, ಗಾಮ್‌ದೇವಿಯ ಮಣಿಭವನಕ್ಕೆ ಹೋಗೋಣವಾ ಅಂತ ಕೇಳಿದ, ಹೋದೆವು.