ಮುತ್ತಜ್ಜನ ತೊಟ್ಟಿಮನೆ ಕೊಂಡು, ಬಿಚ್ಚಿ, ಮತ್ತೆ ನಿಲ್ಲಿಸಿದ್ದು

ಹೊಸನಗರ ತಾಲ್ಲೂಕಿನಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ತೊಟ್ಟಿಮನೆಯನ್ನು ದಾಯಾದಿಗಳಿಂದ ಕೊಂಡು, ರಿಪೇರಿ ಮಾಡಿಸಿ, ಈಗ ಅದರಲ್ಲೇ ಇದ್ದೇವೆ. ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ನಮ್ಮದೂ ಇಂಥದ್ದೇ ಮನೆ ಇದೆ, ಬೀಳ್ತಾ ಇದೆ, ಏನು ಮಾಡೋದು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಟ್ಟಿಗೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಮಲೆನಾಡಿನ ಹಳೇ ಮನೆ ಬಿಚ್ಚಿ ಜೋಡಿಸೋಕೆ ಆಗುವ ಹಾಗೆ ಕಟ್ಟಿದ್ದು. ಹೆಂಚು ಸುಮ್ನೆ ರೀಪಿನ ಮೇಲೆ ಕೂತಿರುತ್ತೆ. ತೊಲೆ, ಕಂಬ ಒಂದರೊಳಗೊಂದು ಸೇರಿ ಮರದ ಬೆಣೆಯಲ್ಲಿ ನಿಂತಿರುತ್ತವೆ. ಗೋಡೆ ಜಂಬಿಟ್ಟಿಗೆ ಕಲ್ಲಿಗೆ ಮಣ್ಣು ಹಾಕಿ ಕಟ್ಟಿದ್ದು. ಹಾಳಾದ ತುಂಡನ್ನಷ್ಟೇ ತೆಗೆದು ಬೇರೆ ಹಾಕಬಹುದು, ಉಳಿದದ್ದನ್ನು ಮುಟ್ಟಬೇಕಿಲ್ಲ. ಸಿಮೆಂಟ್ ಸುರಿದು ಎಲ್ಲವನ್ನೂ ಒಂದಕ್ಕೊಂದು ಅಂಟಿಸಿಬಿಟ್ಟರೆ ಆಮೇಲೆ ಬಂದವರಿಗೆ ಕೆಡವೋದೊಂದೇ ದಾರಿ. ನಾನು ಮಾಡಿಸಿದ ಕೆಲಸವೆಲ್ಲ ಈ ಲೆಕ್ಕದ ಮೇಲೆಯೇ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಮುಳುಗಡೆಯವರು ಕಂಬ, ಬಾಗಿಲು, ಹೆಂಚು ಬಿಚ್ಚಿಕೊಂಡು ಗಾಡಿ ಹತ್ತಿಸಿದ್ದರಂತೆ. ನಮ್ಮ ಪಡಸಾಲೆಯ ಎರಡು ಕಂಬ ಹಾಗೆ ಬಂದವು ಅಂತ ಅಜ್ಜಿ ಹೇಳುತ್ತಿದ್ದರು. ಅವುಗಳ ಕೆತ್ತನೆಯೇ ಬೇರೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಯಾರ ಮನೆಯವೋ ಏನೋ. ಆ ಎರಡು ಕಂಬ ಮರದ ವ್ಯಾಪಾರಿಯ ಲಾರಿ ಹತ್ತಬಾರದು ಅನ್ನೋದು ನಾನು ಈ ಮನೆ ಕೊಳ್ಳೋಕೆ ದೊಡ್ಡ ಕಾರಣ.

ಈಗ ಕಾಗದ ಪತ್ರ. ಇದನ್ನು ಹಗುರ ಮಾಡಬೇಡಿ. ಅಜ್ಜನ ಕಾಲದಲ್ಲಿ ಬಾಯಿಮಾತಿನ ಪಾಲು ಆಗಿತ್ತು, ನೋಂದಣಿ ಆಗಿರಲಿಲ್ಲ. ಹಾಗಾಗಿ ಮನೆಯಲ್ಲಿ ಇದ್ದವರು ಚಿಕ್ಕಪ್ಪ ಒಬ್ಬರೇ ಆದರೂ ಹಕ್ಕು ಎಲ್ಲರದ್ದೂ. ಅತ್ತೆಯರದ್ದೂ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ತಿದ್ದುಪಡಿ ಬಂದ ದಿನಕ್ಕೆ ಅಪ್ಪ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಮಾತು ಬೇರೆ. ನಮ್ಮದು ಇರಲಿಲ್ಲ. ಅದಕ್ಕೇ ವಂಶವೃಕ್ಷ ಮಾಡಿಸಿ, ಅದರಲ್ಲಿರುವ ಪ್ರತಿಯೊಬ್ಬರ ಮನೆಗೂ ಹೋಗಿ ಕೂತು ಮಾತಾಡಿದೆ. ದೊಡ್ಡತ್ತೆ "ನಂಗೇನು ಬೇಡ ಮಾರಾಯ, ತವರು ಮನೆ ಉಳಿದ್ರೆ ಸಾಕು" ಅಂದರು. ಆದರೂ ಅವರ ಪಾಲು ಕೊಟ್ಟೇ ಸಹಿ ತೆಗೆದುಕೊಂಡೆ. ಅತ್ತೆಯರ ಪ್ರೀತಿಯನ್ನು ರಿಯಾಯಿತಿ ಅಂತ ಬಳಸೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಬೆಲೆ ಹೇಗೆ ಕಟ್ಟೋದು? ಒಬ್ಬ ವ್ಯಾಪಾರಿ ಮೊದಲೇ ಬಂದು ಕಂಬ, ತೊಲೆ, ಬಾಗಿಲಿಗೆ ಇಷ್ಟು ಕೊಡ್ತೀನಿ ಅಂದು ಹೋಗಿದ್ದ. ಆ ಮೊತ್ತಕ್ಕೆ ಜಾಗದ ಬೆಲೆ ಸೇರಿಸಿ ಅದನ್ನೇ ಆಧಾರ ಮಾಡಿಕೊಂಡೆವು. ಕೆಡವಿ ಮಾರಿದ್ದರೆ ಜಾಸ್ತಿ ಬರ್ತಿತ್ತು ಅಂತ ಮುಂದೆ ಯಾರೂ ಕೊರಗಬಾರದು, ಅಲ್ವಾ? ಪಾಲುದಾರರ ನಡುವೆ ಆಗಿದ್ದರಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿದೆವು, ಇದಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ದೊಡ್ಡಪ್ಪನ ಮಗಳು ಅಮೆರಿಕದಲ್ಲಿದ್ದಾಳೆ. ಅವಳು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ಕಳಿಸಿದಳು. ಅಂಥ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು, ಇದನ್ನು ನೆನಪಿಡಿ. ಇನ್ನೊಂದು ವಿಷಯ, ಮನೆ ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿದೆಯೋ, ತೋಟದ ಸರ್ವೆ ನಂಬರಿನಲ್ಲಿದೆಯೋ ನೋಡಿಕೊಳ್ಳಿ. ಗ್ರಾಮಠಾಣಾ ಆದರೆ ಪಂಚಾಯ್ತಿಯ ಇ-ಸ್ವತ್ತು ದಾಖಲೆ, ತೋಟದ ಜಾಗ ಆದರೆ ಪಹಣಿ. ಎರಡರ ದಾರಿಯೂ ಬೇರೆ, ಸಾಲ ಕೇಳಿದಾಗ ಬ್ಯಾಂಕಿನವರ ಮುಖವೂ ಬೇರೆ ಬೇರೆ.

ಕೊಂಡ ಕೂಡಲೇ ಕೆಲಸ ಶುರು ಮಾಡಲಿಲ್ಲ. ಒಂದು ಮಳೆಗಾಲ ಪೂರ್ತಿ ಮನೆಯನ್ನು ನೋಡಿದೆ. ಇದು ಎಲ್ಲರಿಗೂ ಹೇಳುವ ಮಾತು. ನಮ್ಮ ಕಡೆಯ ಆಷಾಢದ ಮಳೆ ಏನೂ ಮುಚ್ಚಿಡೋದಿಲ್ಲ. ನೀರು ಇಳಿದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ಗುರುತುಗಳು ಮನೆತುಂಬ ಇರಲಿಲ್ಲ, ಮೂರ್ನಾಲ್ಕು ಜಾಗದಲ್ಲಿ ಗುಂಪಾಗಿದ್ದವು. ಅದರಲ್ಲಿ ಜಾಸ್ತಿ ಒಳಅಂಗಳದ ಮೂಲೆಗಳಲ್ಲಿ. ತೊಟ್ಟಿಮನೆಯಲ್ಲಿ ನಾಲ್ಕೂ ಕಡೆಯ ಮಾಡು, ಅಂದರೆ ಹೆಂಚಿನ ಸೂರು, ಅಂಗಳದ ಕಡೆಗೆ ಇಳಿಯುತ್ತೆ, ಎರಡು ಮಾಡು ಸೇರುವ ಒಳಮೂಲೆಯಲ್ಲಿ ನೀರೆಲ್ಲ ಒಂದೇ ಕಡೆ ನುಗ್ಗುತ್ತೆ, ಅಲ್ಲಿ ಹಾಕಿದ ತಗಡು ತೂತಾದರೆ ನೀರು ನೇರ ಮೂಲೆ ಕಂಬದ ತಲೆಗೆ. ಕಂಬದ ಬುಡಕ್ಕೆ ಅಂಗಳದ ಎರಚಲು. ಹೀಗೆ ಮೇಲಿಂದಲೂ ಕೆಳಗಿಂದಲೂ ಆ ಕಂಬಗಳೇ ಮೊದಲು ಹೋಗೋದು. ನೀವು ಹಳೇ ಮನೆ ನೋಡೋಕೆ ಹೋದರೆ ಸೀದಾ ಅಂಗಳದ ಮೂಲೆಗೇ ಹೋಗಿ.

ಕೆಲಸಕ್ಕೆ ಕಾಲ ಅಂದರೆ ಅಡಕೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯೋ ಮುಂಚೆ. ಸುಲಿತದ ಸಮಯದಲ್ಲಿ ಜನ ಸಿಗೋದಿಲ್ಲ. ಜೂನ್ ಬಂದರೆ ಮಾಡು ತೆರೆದಿಡೋ ಹಾಗಿಲ್ಲ. ಹಾಗಾಗಿ ಮನೆಯನ್ನು ಭಾಗ ಮಾಡಿಕೊಂಡು, ಒಂದೊಂದು ಬೇಸಿಗೆಗೆ ಒಂದೊಂದು ಕಡೆ ಅಂತ ಹಿಡಿದೆವು.

ಮೊದಲು ಹೆಂಚು ಇಳಿಸಿದೆವು. ಇಳಿಸುವಾಗ ಹೆಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅಲ್ಲಿ ಒಂದರ ಹಿಂದೊಂದು ಬೇರೆ ಕಾರ್ಖಾನೆಗಳೂ ಬಂದವು. ನೋಡೋಕೆ ಎಲ್ಲ ಹೆಂಚೂ ಒಂದೇ ಥರ. ಆದರೆ ಒಬ್ಬೊಬ್ಬರ ಅಚ್ಚು ಒಂದೊಂದು ಕೂದಲೆಳೆ ಬೇರೆ. ಒಂದು ಹೆಂಚಿನ ತೋಡು ಇನ್ನೊಂದರ ಏಣಿಗೆ ಸರಿಯಾಗಿ ಕೂರಲಿಲ್ಲ ಅಂದರೆ ಆ ಸಂದಿನಲ್ಲಿ ಗಾಳಿಮಳೆ ಒಳಗೆ ಬರುತ್ತೆ. ನಮ್ಮ ಮಾಡಿನಲ್ಲಿ ತಲೆಮಾರುಗಳಿಂದ ಒಡೆದದ್ದಕ್ಕೆ ಸಿಕ್ಕಿದ್ದು ಸಿಕ್ಕಿಸಿ ಎಲ್ಲ ಬೆರೆತುಹೋಗಿತ್ತು. ಅಂಗಳದಲ್ಲಿ ಕಾರ್ಖಾನೆವಾರು ರಾಶಿ ಮಾಡಿದೆವು. ಒಂದೊಂದನ್ನೂ ಬೆರಳಿನಿಂದ ತಟ್ಟಿ, ಟಣ್ ಅಂದರೆ ಇಟ್ಟುಕೊಂಡು, ಬೊದ್ ಅಂದರೆ ಪಕ್ಕಕ್ಕೆ. ಒಂದು ಮಾಡಿಗೆ ಒಂದೇ ಕಾರ್ಖಾನೆಯ ಹೆಂಚು, ಅದರ ಅಳತೆಗೆ ರೀಪು ಹೊಸದಾಗಿ ಹೊಡೆದದ್ದು. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಕಡಿಮೆ ಬಿದ್ದದ್ದನ್ನು ಬಿಚ್ಚಿದ ಮನೆಗಳಿಂದ ತಂದೆ. ಹೊಸ ಹೆಂಚು ಕೊಟ್ಟಿಗೆಗೆ ಹಾಕಿಸಿದೆ. ಒಳಮೂಲೆಯ ತಗಡನ್ನು ಮೊದಲಿಗಿಂತ ಅಗಲ ಮಾಡಿಸಿ, ಎರಡೂ ಬದಿ ಹೆಂಚಿನ ಅಡಿಗೆ ಉದ್ದಕ್ಕೆ ಹೋಗುವ ಹಾಗೆ ಇಟ್ಟೆವು. ಇಷ್ಟಕ್ಕೇ ಸೋರೋದು ಮುಕ್ಕಾಲು ಪಾಲು ನಿಂತಿತು.

ಆಮೇಲೆ ಮರ. ನಮ್ಮ ಬಡಗಿ ಆಚಾರ್ರು ಉಳಿಯ ಹಿಡಿಯಿಂದ ಪ್ರತಿ ಕಂಬವನ್ನೂ ಬುಡದಿಂದ ತಲೆವರೆಗೆ ತಟ್ಟಿ, ಟೊಳ್ಳು ಕೇಳಿದಲ್ಲಿ ಗೆರೆ ಎಳೆದರು. ಮೂಲೆಯ ಒಂದು ಕಂಬದ ಬುಡ ಮೊಣಕಾಲೆತ್ತರಕ್ಕೆ ಹೋಗಿತ್ತು. ಕಂಬ ಪೂರ್ತಿ ಬದಲಿಸೋಣ ಅಂತ ಬಂದವರೆಲ್ಲ ಹೇಳಿದರು. ಆಚಾರ್ರು ಒಪ್ಪಲಿಲ್ಲ. "ಮಾರಾಯ್ರೆ, ಮೇಲಿಂದು ಕಬ್ಬಿಣದ ಹಾಂಗೆ ಉಂಟು, ಕೆಳಗಿನ ತುಂಡು ಮಾತ್ರ ಬೇರೆ ಹಾಕುವ" ಅಂದರು. ತೊಲೆಯ ಕೆಳಗೆ, ಕಂಬದ ಎರಡೂ ಬದಿಗೆ ದಪ್ಪ ಹಲಗೆ ಹಾಸಿ, ಅದರ ಮೇಲೆ ಲಾರಿ ಜಾಕಿ ಇಟ್ಟು, ಎರಡನ್ನೂ ಒಟ್ಟಿಗೆ ನಿಧಾನ ತಿರುಗಿಸಿದರು. ತೊಲೆ ಎದ್ದದ್ದು ಒಂದು ನೂಲಿನಷ್ಟು. ಅಷ್ಟು ಸಾಕು, ಭಾರ ಜಾಕಿಗೆ ಬಂತು, ಕಂಬ ಕೈಯಲ್ಲಿ ಅಲುಗಿತು. ಕೊಳೆತದ್ದನ್ನು ಓರೆಯಾಗಿ ಕೊಯ್ದು ತೆಗೆದು, ಹಳೇ ಬೋಗಿ ಮರದ (ಗಟ್ಟಿ ಜಾತಿಯ ಕಾಡುಮರ) ತುಂಡನ್ನು ಅದಕ್ಕೆ ಸರಿಯಾಗಿ ಓರೆ ಕೊಯ್ದು ಜೋಡಿಸಿ, ಅಡ್ಡಕ್ಕೆ ಎರಡು ಮರದ ಬೆಣೆ ಹೊಡೆದರು. ಅಡಿಗಲ್ಲನ್ನು ಮೊದಲಿಗಿಂತ ಎತ್ತರ ಮಾಡಿ, ನೀರು ನಿಲ್ಲದ ಹಾಗೆ ಮೇಲ್ಮೈಗೆ ಸ್ವಲ್ಪ ಇಳಿಜಾರು ಕೊಟ್ಟು ಕಂಬ ಕೂರಿಸಿದೆವು. ಜೋಡಿಸಿದ ಗೆರೆ ಕಾಣುತ್ತೆ. ಕಾಣಲಿ ಅಂತಲೇ ಬಣ್ಣ ಹಚ್ಚಲಿಲ್ಲ. ಮುಂದೆ ರಿಪೇರಿ ಮಾಡುವವರಿಗೆ ಎಲ್ಲಿ ಕೈಹಾಕಬೇಕು ಅಂತ ತಿಳಿಯಬೇಕು.

ಮರಕ್ಕೆ ಹಳೇ ಪದ್ಧತಿಯಂತೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಸಿದೆ. ಹುಳಕ್ಕೂ ತೇವಕ್ಕೂ ಒಳ್ಳೆಯದು. ಆದರೆ ಚರ್ಮ ಸುಡುತ್ತೆ, ಕೈಗವಸು ಇಲ್ಲದೆ ಯಾರಿಗೂ ಕೊಡಬೇಡಿ. ಹಳೇ ಮರ ಕೊಳ್ಳುವಾಗ ಬಿಲ್ಲು ತೆಗೆದುಕೊಳ್ಳಿ. ಸ್ವಂತ ತೋಟದ ಮರ ಕಡಿಯೋದಿದ್ದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಗೋಡೆಯ ವಿಷಯದಲ್ಲಿ ಎಲ್ಲರ ಜೊತೆಗೂ ವಾದ ಮಾಡಬೇಕಾಯಿತು. ಹೊರಗೋಡೆಗೆ ಹಿಂದೆ ಯಾವಾಗಲೋ ಸೊಂಟದೆತ್ತರ ಸಿಮೆಂಟ್ ಗಾರೆ ಮಾಡಿಸಿದ್ದರು, ತೇವ ಬರಬಾರದು ಅಂತ. ಜಂಬಿಟ್ಟಿಗೆ ನೆಲದಿಂದ ನೀರು ಹೀರುತ್ತೆ. ಆ ನೀರು ಗೋಡೆಯ ಮೈಯಿಂದ ಆರಿಹೋಗಬೇಕು. ಸಿಮೆಂಟ್ ಅಡ್ಡ ಬಂದರೆ ನೀರು ಇನ್ನೂ ಮೇಲೆ ಹತ್ತುತ್ತೆ, ಒಳಗಿನ ಮಣ್ಣು ಮೆತ್ತಗಾಗುತ್ತೆ. ನಮ್ಮಲ್ಲಿ ಆಗಿದ್ದೂ ಅದೇ, ಸಿಮೆಂಟ್ ಇದ್ದ ಜಾಗಕ್ಕಿಂತ ಒಂದು ಮೊಳ ಮೇಲೆ ಒದ್ದೆ ಪಟ್ಟಿ. ಸಿಮೆಂಟ್ ಕಿತ್ತು, ಗೋಡೆಗೆ ಒಂದು ಬೇಸಿಗೆ ಒಣಗೋಕೆ ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸಿದೆ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಬಿಡಬೇಕು. ಅರಳುವಾಗ ಕುದಿದು ಸಿಡಿಯುತ್ತೆ, ಮಕ್ಕಳನ್ನು ದೂರ ಇಡಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಕಲಸೋಕೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಇದು ಗಾಳಿಯನ್ನು ಎಳೆದುಕೊಂಡು ನಿಧಾನ ಗಟ್ಟಿಯಾಗುವ ಗಾರೆ. ಅವಸರ ಮಾಡಿ ಬಿಸಿಲಿಗೆ ಬಿಟ್ಟರೆ ಬಿರಿಯುತ್ತೆ, ಒದ್ದೆ ಗೋಣಿ ಕಟ್ಟಿ ಕಾಯಬೇಕು. ಗಾರೆಗಿಂತ ಮುಖ್ಯ ಇನ್ನೊಂದು ಕೆಲಸ. ವರ್ಷಾನುಗಟ್ಟಲೆ ಮಣ್ಣು ಬಿದ್ದು ಹೊರಗಿನ ಅಂಗಳ ಎತ್ತರವಾಗಿತ್ತು. ಅದನ್ನು ಅಗೆದು ತಗ್ಗಿಸಿ, ಗೋಡೆ ಸುತ್ತ ನೀರು ಹರಿಯೋಕೆ ಕಲ್ಲಿನ ಚರಂಡಿ ಮಾಡಿಸಿದೆ.

ಬಚ್ಚಲು, ಟಾಯ್ಲೆಟ್ಟು ಮನೆಯೊಳಗೆ ತರಲಿಲ್ಲ. ಹಿಂದೆ ಬೇರೆಯಾಗಿ ಕಟ್ಟಿಸಿ ನಡುವೆ ಮಾಡು ಇಳಿಸಿದ್ದೇವೆ. ವಯಸ್ಸಾದವರಿಗಾಗಿ ಮೆಟ್ಟಿಲು ತೆಗೆದು ಇಳಿಜಾರು ಮಾಡಿಸಿದ್ದೇನೆ. ವೈರಿಂಗು ಗೋಡೆ ಕೊರೆಯದೆ ಮೇಲಿಂದಲೇ ಪೈಪಿನಲ್ಲಿ. ಅಡಿಗೆಗೆ ಗ್ಯಾಸ್ ಇದ್ದರೂ ಬಚ್ಚಲ ಒಲೆಗೆ ದಿನಾ ಬೆಂಕಿ ಹಾಕುತ್ತೇವೆ. ಆ ಹೊಗೆ ನಡುವಿನ ಮಾಡಿನ ಅಡಿಯಿಂದ ಮನೆಯ ಅಟ್ಟಕ್ಕೆ ಹೋಗುತ್ತೆ, ಹೊಗೆ ಹಿಡಿದ ಮರಕ್ಕೆ ಹುಳ ಬರೋದು ಕಡಿಮೆ. ಬೀಗ ಹಾಕಿಟ್ಟ ಮನೆಗಳು ಬೇಗ ಬೀಳೋದಕ್ಕೆ ಇದೂ ಒಂದು ಕಾರಣ.

ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಮಾಡು ಮತ್ತು ಮರಕ್ಕೆ, ಅದರಲ್ಲೂ ಸಾಮಾನಿಗಿಂತ ಕೂಲಿಗೆ. ಅದು ಸರಿಯಾದ ಕಡೆಗೇ ಹೋದ ದುಡ್ಡು. ಆಚಾರ್ರ ಜೊತೆ ಇಬ್ಬರು ಹುಡುಗರು ಕೆಲಸ ಕಲಿತಿದ್ದಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ, ಮಾಡಿನ ನೀರು ಹರಿಯುವ ದೋಣಿಯ ಕಸ ತೆಗೆಯೋಕೆ ಈಗ ಅವರೇ ಬರುತ್ತಾರೆ. ಪಡುವಣ ಭಾಗದ ಮುಚ್ಚಿಗೆ (ಒಳಗಿನ ಹಲಗೆಯ ಚಾವಣಿ) ಇನ್ನೂ ಬಾಕಿ. ಹಲಸಿನ ಹಲಗೆ ಕೊಯ್ಸಿ ನೆರಳಲ್ಲಿ ಒಣಗಲು ಪೇರಿಸಿದ್ದೇವೆ, ಈ ಸಲದ ಸುಲಿತ ಮುಗಿದ ಮೇಲೆ ಅದನ್ನು ಹಿಡಿಯಬೇಕು.