ಅಮೆರಿಕದ ವಾಯವ್ಯ ಅರ್ಕಾನ್ಸಾಗೆ ಬರುತ್ತಿರುವ ಕನ್ನಡದವರಿಗೆ: ಬಾಡಿಗೆ ಮನೆ ಹಿಡಿಯುವ ಮೊದಲು

ನೀವು ಇಲ್ಲಿಗೆ ಬರುವುದು ಗೊತ್ತಾದ ದಿನವೇ ಯಾರಾದರೊಬ್ಬರು ಹೇಳಿರುತ್ತಾರೆ: ಚಿಕ್ಕ ಊರು, ಬಾಡಿಗೆ ಕಮ್ಮಿ, ನಾಲ್ಕು ಕಾಸು ಉಳಿಯುತ್ತೆ. 2018ರಲ್ಲಿ ನನಗೂ ಹಾಗೇ ಹೇಳಿದ್ದರು. ಆಗ ಅದು ನಿಜವೂ ಆಗಿತ್ತು. ರಾಜರ್ಸ್‌ನಲ್ಲಿ ಎರಡು ಬೆಡ್‌ರೂಮಿನ ಮನೆಗೆ ತಿಂಗಳಿಗೆ 840 ಡಾಲರ್. ಬೆಳ್ಳಂದೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ, ಅದನ್ನು ವಾಪಸ್ ಪಡೆಯಲು ಓನರ್ ಮನೆಗೆ ಅಲೆದಿದ್ದ ನನಗೆ, ಒಂದು ತಿಂಗಳ ಬಾಡಿಗೆಗಿಂತ ಕಮ್ಮಿ ಡೆಪಾಸಿಟ್ ಅಂದಾಗ ಕಾಗದವನ್ನು ಪೂರ್ತಿ ಓದಬೇಕು ಅಂತಲೂ ಅನಿಸಲಿಲ್ಲ. ಏಳು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ತಪ್ಪುಗಳನ್ನು ನೀವು ಮಾಡದಿದ್ದರೆ ಸಾಕು.

ಮೊದಲು ಊರಿನ ಲೆಕ್ಕ. 49ನೇ ಇಂಟರ್‌ಸ್ಟೇಟ್ ರಸ್ತೆಯ ಉದ್ದಕ್ಕೂ ಬೆಂಟನ್‌ವಿಲ್, ರಾಜರ್ಸ್, ಸ್ಪ್ರಿಂಗ್‌ಡೇಲ್, ಫೆಯೆಟ್‌ವಿಲ್ ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದಲ್ಲಿ ಸೆಂಟರ್ಟನ್, ಲೋವೆಲ್, ಬೆಲ್ಲಾ ವಿಸ್ಟಾದಂಥ ಸಣ್ಣ ಊರುಗಳು. 2020ರ ಜನಗಣತಿಯಲ್ಲಿ ಇಡೀ ಪ್ರದೇಶಕ್ಕೆ ಸುಮಾರು ಐದೂವರೆ ಲಕ್ಷ ಜನ, ಅಂದರೆ ಬೆಂಗಳೂರಿನ ಒಂದು ಮೂಲೆಯಷ್ಟೂ ಇಲ್ಲ. ಆದರೆ ಬೆಂಟನ್‌ವಿಲ್ ಹತ್ತೇ ವರ್ಷದಲ್ಲಿ 35 ಸಾವಿರದಿಂದ 54 ಸಾವಿರಕ್ಕೆ ಬೆಳೆದಿತ್ತು. ವಾಲ್‌ಮಾರ್ಟ್‌ನ ಕೇಂದ್ರ ಕಚೇರಿ ಇರುವ ಊರು. ಅದಕ್ಕೆ ಸರಕು ಮಾರುವ ಕಂಪನಿಗಳೆಲ್ಲ ಸುತ್ತಮುತ್ತ ಆಫೀಸು ಇಟ್ಟುಕೊಂಡಿವೆ. ನಮ್ಮವರು ಬರುವುದೂ ಹೆಚ್ಚಾಗಿ ಇದೇ ಕಾರಣಕ್ಕೆ.

ದೊಡ್ಡ ನಗರದಲ್ಲಿ ಮುನ್ನೂರು ಮನೆಗಳ ಹೊಸ ಕಾಂಪ್ಲೆಕ್ಸ್ ಎದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ, ಅಂಥದ್ದೊಂದು ಬಾಗಿಲು ತೆರೆದರೆ ಪಕ್ಕದ ಕಾಂಪ್ಲೆಕ್ಸಿನವರ ಮಾತಿನ ಧಾಟಿಯೇ ಬದಲಾಗುತ್ತದೆ. ಹಾಗೆಯೇ ಒಂದೇ ಕಂಪನಿ ಒಂದು ನಿರ್ಧಾರ ತೆಗೆದುಕೊಂಡರೆ ಇಡೀ ಊರಿನ ಬಾಡಿಗೆ ಅಲ್ಲಾಡುತ್ತದೆ. 2021, 22ರಲ್ಲಿ ಖಾಲಿ ಅಪಾರ್ಟ್‌ಮೆಂಟುಗಳೇ ಇರಲಿಲ್ಲ. ನೂರರಲ್ಲಿ ಎರಡು ಖಾಲಿ ಇದ್ದರೆ ಹೆಚ್ಚು ಅನ್ನುವ ಪರಿಸ್ಥಿತಿ. 2022ರ ವಸಂತದಲ್ಲಿ ನನ್ನ ಬಾಡಿಗೆ ಕರಾರಿನ ನವೀಕರಣದ ಪತ್ರ ಬಂತು: 920 ಇದ್ದದ್ದು 1,190. ಕಾಂಪ್ಲೆಕ್ಸಿನ ಕಛೇರಿಗೆ ಓಡಿಹೋಗಿ, ನಾಲ್ಕು ವರ್ಷದಿಂದ ಒಂದು ದಿನವೂ ತಡಮಾಡದೆ ಕಟ್ಟಿದ್ದೇವಲ್ಲಾ ಅಂತ ಕೇಳಿದೆ. ಊರಲ್ಲಾದರೆ ಓನರ್ ಆಂಟಿ ಕಾಫಿ ಕೊಟ್ಟು, ಐನೂರು ಕಮ್ಮಿ ಮಾಡಿ ಕಳಿಸುತ್ತಿದ್ದರು. ಇಲ್ಲಿ ದರ ಹೇಳುವುದು ಕಂಪ್ಯೂಟರ್, ಎದುರಿಗೆ ಕೂತ ಹುಡುಗಿಗೆ ಅದನ್ನು ಬದಲಾಯಿಸುವ ಅಧಿಕಾರವೇ ಇರಲಿಲ್ಲ. ಬಾಡಿಗೆಗೆ ಮಿತಿ ಹಾಕುವ ಅಧಿಕಾರ ನಗರಸಭೆಗೂ ಇಲ್ಲ, ಅರ್ಕಾನ್ಸಾದ ಕಾನೂನು ಅದನ್ನು ತಡೆಯುತ್ತದೆ.

ಆಮೇಲೆ ಬಡ್ಡಿದರ ಏರಿತು, ಮನೆ ಕೊಳ್ಳಲು ಹೊರಟವರು ಬಾಡಿಗೆಯಲ್ಲೇ ಉಳಿದರು. 2024ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್‌ನ ಡಲ್ಲಾಸ್, ಅಟ್ಲಾಂಟಾ, ಟೊರಾಂಟೊ ಕಚೇರಿಗಳ ಜನರಿಗೆ ಸ್ಥಳಾಂತರವಾಗಿ ಎಂಬ ಸೂಚನೆ ಬಂತು, ಹೆಚ್ಚಿನವರಿಗೆ ಬೆಂಟನ್‌ವಿಲ್‌ಗೇ. 2025ರ ಜನವರಿಯಲ್ಲಿ ಸುಮಾರು 350 ಎಕರೆಯ ಹೊಸ ಕ್ಯಾಂಪಸ್ ತೆರೆಯಿತು. ಇದೇ ಹೊತ್ತಿಗೆ ಹೊಸ ಕಟ್ಟಡಗಳೂ ಒಂದರ ಹಿಂದೆ ಒಂದು ಮುಗಿಯುತ್ತಾ ಬಂದವು. ಹಾಗಾಗಿ ಇವತ್ತು ಒಂದು ರಸ್ತೆಯಲ್ಲಿ ಬಾಡಿಗೆ ಬಿಗಿ, ಎರಡು ಮೈಲಿ ಆಚೆ "ಎರಡು ತಿಂಗಳು ಉಚಿತ" ಎಂಬ ಬ್ಯಾನರ್. ಅರ್ವೆಸ್ಟ್ ಬ್ಯಾಂಕಿಗಾಗಿ ಅರ್ಕಾನ್ಸಾ ವಿಶ್ವವಿದ್ಯಾಲಯದವರು ಸಿದ್ಧಪಡಿಸುವ ಸ್ಕೈಲೈನ್ ವರದಿಯಲ್ಲಿ ಯಾವ ಊರಿನಲ್ಲಿ ಎಷ್ಟು ಖಾಲಿ, ಬಾಡಿಗೆ ಎಷ್ಟು ಅಂತ ಬಿಡಿಬಿಡಿಯಾಗಿ ಇರುತ್ತದೆ. ಬರುವ ಮುಂಚೆ ಅದನ್ನು ಓದಿ. ನಾನು ಓದಿರಲಿಲ್ಲ.

ಆ ಉಚಿತ ತಿಂಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಎಡವಿದ್ದು ಅಲ್ಲೇ. 2024ರಲ್ಲಿ ಬೆಂಟನ್‌ವಿಲ್‌ನ ದಕ್ಷಿಣಕ್ಕೆ ಒಂದು ಹೊಚ್ಚ ಹೊಸ ಕಾಂಪ್ಲೆಕ್ಸ್. ಬಾಡಿಗೆ 1,414 ಅಂದರು. ಕಾಗದದಲ್ಲಿದ್ದದ್ದು 1,650. ಹದಿನಾಲ್ಕು ತಿಂಗಳ ಒಪ್ಪಂದ, ಅದರಲ್ಲಿ ಎರಡು ತಿಂಗಳು ಮಾಫಿ. ಹನ್ನೆರಡು ತಿಂಗಳ ಹಣವನ್ನು ಹದಿನಾಲ್ಕಕ್ಕೆ ಹಂಚಿದಾಗ 1,414 ಬರುತ್ತದೆ. ನವೀಕರಣದ ಪತ್ರ ಬಂದಾಗ ಏರಿಕೆ ಲೆಕ್ಕ ಹಾಕಿದ್ದು 1,650ರ ಮೇಲೆ, 1,720. ಅವರ ಪ್ರಕಾರ ಎಪ್ಪತ್ತು ಡಾಲರ್ ಹೆಚ್ಚಳ. ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚು. ಮಧ್ಯದಲ್ಲಿ ಬಿಟ್ಟುಹೋದರೆ ಮಾಫಿಯಾದ ಎರಡು ತಿಂಗಳೂ ವಾಪಸ್ ಕಟ್ಟಬೇಕು ಅಂತ ಒಳಗಿನ ಪುಟದಲ್ಲಿತ್ತು. ಆದ್ದರಿಂದ "ತಿಂಗಳಿಗೆ ಎಷ್ಟು ಬೀಳುತ್ತೆ" ಅಂತ ಕೇಳಬೇಡಿ. "ಕಾಗದದಲ್ಲಿ ಎಷ್ಟಿದೆ" ಅಂತ ಕೇಳಿ. ಕಸಕ್ಕೆ, ಕ್ರಿಮಿನಾಶಕಕ್ಕೆ, ಪಾರ್ಕಿಂಗ್‌ಗೆ, ಇಂಟರ್ನೆಟ್‌ಗೆ ಅಂತ ಸೇರಿಸುವುದನ್ನೂ ಕೂಡಿಸಿಕೊಳ್ಳಿ. ಚಳಿಗಾಲದಲ್ಲಿ ಮನೆ ಹುಡುಕಿದರೆ ಮಾತಾಡಲು ಜಾಗ ಇರುತ್ತದೆ. ಫೆಯೆಟ್‌ವಿಲ್‌ನಲ್ಲಿ ಮಾತ್ರ ವಿಶ್ವವಿದ್ಯಾಲಯದ ಹುಡುಗರ ಕಾರಣಕ್ಕೆ ಎಲ್ಲವೂ ಆಗಸ್ಟ್ ತಿಂಗಳ ಸುತ್ತ ತಿರುಗುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಲೀಸ್ ಅಂದರೆ ಭೋಗ್ಯ, ಒಂದೇ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಇಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು, ಅಷ್ಟೇ. ಅವಧಿ ಮುಗಿದರೆ ಅದು ತಾನಾಗಿ ಮುಗಿಯುತ್ತದೆ ಅಂತಲೂ ತಿಳಿಯಬೇಡಿ. ಸಾಮಾನ್ಯವಾಗಿ ಅರವತ್ತು ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ರಾಜರ್ಸ್ ಬಿಡುವಾಗ ನಾನು ಕಛೇರಿಗೆ ಹೋಗಿ ಬಾಯಲ್ಲಿ ಹೇಳಿದೆ, ಆಯಿತು ಅಂದರು, ನಂಬಿದೆ. ಬರಹ ಇಲ್ಲ ಅಂತ ಕರಾರಿಲ್ಲದೆ ತಿಂಗಳಿಂದ ತಿಂಗಳಿಗೆ ಇರುವವರ ದುಬಾರಿ ದರ ಹಾಕಿದರು. ಇಮೇಲ್ ಕಳಿಸಿ, ಸಿಕ್ಕಿತು ಅಂತ ಉತ್ತರ ಬರುವವರೆಗೆ ಬಿಡಬೇಡಿ.

ಡೆಪಾಸಿಟ್ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಲ್ಲಿಯ ಅಪಾರ್ಟ್‌ಮೆಂಟುಗಳಿಗೆ ಹೊಸ್ತಿಲು ಇಲ್ಲ. ಬಾಗಿಲ ಕೆಳಗೆ ತಗಡಿನದೊಂದು ಪಟ್ಟಿ, ಎರಡೂ ಬದಿ ಬಿಳಿ ಬಣ್ಣದ ಚೌಕಟ್ಟು. ಹಬ್ಬದ ದಿನಗಳಲ್ಲಿ ನನ್ನ ಹೆಂಡತಿ ಆ ಚೌಕಟ್ಟಿನ ಬುಡಕ್ಕೇ ಅರಿಶಿನ ಹಚ್ಚಿ ಕುಂಕುಮ ಇಡುತ್ತಿದ್ದಳು. ನಾಲ್ಕು ವರ್ಷದ ಅರಿಶಿನ ಬಣ್ಣದೊಳಗೆ ಇಳಿದಿತ್ತು. ಬಿಡುವ ಹಿಂದಿನ ರಾತ್ರಿ ಅವಳು ನೆಲಕ್ಕೆ ಕೂತು ಹಲ್ಲುಜ್ಜುವ ಬ್ರಷ್ಷು, ಅಡಿಗೆಸೋಡಾ ಹಿಡಿದು ಉಜ್ಜುತ್ತಿದ್ದಳು. ಹಳದಿ ತಿಳಿಯಾಯಿತೇ ಹೊರತು ಹೋಗಲಿಲ್ಲ. ಬಿಲ್ಲಿನಲ್ಲಿ ಅದಕ್ಕೆ ಬರೆದದ್ದು "ಹಳದಿ ಕಲೆ, ಬಾಗಿಲು ಪೂರ್ತಿ ಬಣ್ಣ". ಹಣ ಹೋದದ್ದಕ್ಕಿಂತ, ತನ್ನ ಪೂಜೆಯನ್ನು ತಾನೇ ಕೆರೆದು ತೆಗೆಯಬೇಕಾಯಿತಲ್ಲ ಅಂತ ಅವಳು ಅತ್ತಳು. ನನ್ನ ಬಳಿ ಮಾತಿರಲಿಲ್ಲ.

ಕಾನೂನಿನಲ್ಲಿ ನಮ್ಮ ಪರವಾಗಿ ಇರುವುದು ಕಮ್ಮಿ, ಅಷ್ಟಾದರೂ ತಿಳಿದಿರಲಿ. ಆರು ಅಥವಾ ಹೆಚ್ಚು ಮನೆ ಬಾಡಿಗೆಗೆ ಕೊಡುವವರು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ, ಬಿಟ್ಟ ಮೇಲೆ 60 ದಿನದೊಳಗೆ ಲೆಕ್ಕ ಕೊಡಬೇಕು. ಬಾಡಿಗೆ ಮನೆಯಲ್ಲಿ ನೀರು, ಕರೆಂಟು, ಸೋರದ ಮಾಡು ಇರಲೇಬೇಕು ಎಂಬ ಕನಿಷ್ಠ ನಿಯಮವೇ ಈ ರಾಜ್ಯಕ್ಕೆ ಬಂದದ್ದು 2021ರ ನವೆಂಬರ್‌ನಿಂದ. ಅದರಲ್ಲೂ ಒಂದು ಕೊಕ್ಕೆ ಇದೆ: ಮನೆ ಸೇರುವಾಗ ದೋಷಗಳ ಪಟ್ಟಿಗೆ ಅಂತ ಒಂದು ನಮೂನೆ ಕೊಟ್ಟರೆ, ಎರಡು ಕೆಲಸದ ದಿನದೊಳಗೆ ತುಂಬಿ ಕೊಡದಿದ್ದರೆ ಮನೆ ಸರಿಯಿತ್ತು ಅಂತಲೇ ಲೆಕ್ಕ. ಬಂದ ದಿನ ನಿದ್ದೆಗೆಟ್ಟಿರುತ್ತೀರಿ, ಮಕ್ಕಳು ಅಳುತ್ತಿರುತ್ತಾರೆ. ಆದರೂ ಹಾಲು ಉಕ್ಕಿಸುವ ಮೊದಲು ಒಲೆ, ಕಾರ್ಪೆಟ್, ಸಿಂಕಿನ ಕೆಳಗೆ, ಕಿಟಕಿಯ ಅಂಚು ಎಲ್ಲದರ ಫೋಟೊ ತೆಗೆದುಬಿಡಿ.

ಇಷ್ಟನ್ನೂ ಹಣ ಅಂತ ಮರೆಯಬಹುದು. ಮರೆಯಲಾಗದ್ದು ಮಗಳ ವಿಷಯ. ರಾಜರ್ಸ್‌ನಿಂದ ಸೆಂಟರ್ಟನ್‌ಗೆ ಹೋದೆವು. ಸೆಂಟರ್ಟನ್ ಮಕ್ಕಳು ಸೇರುವುದು ಬೆಂಟನ್‌ವಿಲ್ ಶಾಲಾ ಡಿಸ್ಟ್ರಿಕ್ಟಿಗೆ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ), ಹಾಗಾಗಿ ಶಾಲೆ ಬದಲಾಯಿತು. ಎರಡು ವರ್ಷಕ್ಕೆ ಆ ಮನೆಯ ಮಾಲೀಕರು ಮಾರಲು ಹೊರಟರು. ಉಚಿತ ತಿಂಗಳ ಮನೆಗೆ ಹೋದೆವು. ಡಿಸ್ಟ್ರಿಕ್ಟ್ ಅದೇ ಆದರೂ ವಿಳಾಸ ನೋಡಿ ಶಾಲೆ ಹಂಚುವ ವಲಯ ಬೇರೆ, ಮತ್ತೆ ಹೊಸ ಶಾಲೆ. 2025ರಲ್ಲಿ ಮತ್ತೆ ಸೆಂಟರ್ಟನ್. ಪ್ರತಿ ಸಲವೂ ನಾನು ತಿಂಗಳಿಗೆ ಇನ್ನೂರು ಉಳಿಸಿದೆ ಅಂತ ಬೀಗುತ್ತಿದ್ದೆ. ನಾಲ್ಕನೇ ಮನೆಗೆ ಕಾಲಿಟ್ಟ ದಿನ ಅವಳು ಶೂ ಬಿಚ್ಚುತ್ತಾ ಕೇಳಿದಳು, "ಅಪ್ಪಾ, ಇದು ಎಷ್ಟು ತಿಂಗಳ ಮನೆ?"

ನಾನು ಹಾಸನದಲ್ಲಿ ಒಂದೇ ಬೀದಿಯಲ್ಲಿ ಹದಿನೆಂಟು ವರ್ಷ ಬೆಳೆದವನು. ಅದೂ ಬಾಡಿಗೆ ಮನೆಯೇ. ಆದರೆ ಸಂಜೆ ಯಾರ ಮನೆಯಲ್ಲಿ ಊಟ ಮಾಡಿದೆ ಅಂತ ಅಮ್ಮ ಕೇಳುತ್ತಿರಲಿಲ್ಲ. ಮಗಳಿಗೆ ಅಂಥ ಬೀದಿ ಕೊಡಲು ನನ್ನಿಂದ ಆಗುವುದಿಲ್ಲ, ಒಪ್ಪಿಕೊಂಡಿದ್ದೇನೆ. ಒಂದೇ ಬಸ್ ಸ್ಟಾಪಿನಲ್ಲಿ ಮೂರು ವರ್ಷ ಅದೇ ಗೆಳತಿಯ ಪಕ್ಕ ನಿಲ್ಲುವ ಹಾಗೆ ಮಾಡಬಹುದಿತ್ತು, ಅದನ್ನು ಮಾಡಲಿಲ್ಲ. ಮಕ್ಕಳಿರುವವರು ಮೊದಲು ಶಾಲೆಯ ವಲಯದ ನಕ್ಷೆ ನೋಡಿ, ಆಮೇಲೆ ಬಾಡಿಗೆ. ವಿಳಾಸದಲ್ಲಿರುವ ಊರಿನ ಹೆಸರು ನಂಬಬೇಡಿ, ಡಿಸ್ಟ್ರಿಕ್ಟಿಗೇ ಫೋನ್ ಮಾಡಿ. ಎರಡು ವರ್ಷದ ಕರಾರಿಗೆ ಒಪ್ಪುತ್ತಾರಾ ಕೇಳಿ. ನೂರು ಡಾಲರ್ ಹೆಚ್ಚಾದರೂ ಕೊಡಿ.

ಉಳಿದದ್ದು: ಕ್ರೆಡಿಟ್ ಇತಿಹಾಸ, ಅಂದರೆ ಇಲ್ಲಿ ಸಾಲ ಪಡೆದು ತೀರಿಸಿದ ದಾಖಲೆ, ಇಲ್ಲದವರು ಆಫರ್ ಲೆಟರ್ ತೋರಿಸಿ, ಸಂಬಳ ಬಾಡಿಗೆಯ ಮೂರರಷ್ಟು ಇರಬೇಕು ಅನ್ನುತ್ತಾರೆ, ಕೀಲಿ ಪಡೆಯುವ ಮುಂಚೆ ಕರೆಂಟು ನಿಮ್ಮ ಹೆಸರಿಗೆ ಮಾಡಿಸಿ. ಕಾರಿಲ್ಲದೆ ಇಲ್ಲಿ ಬದುಕು ಕಷ್ಟ. ಬಾಡಿಗೆದಾರರ ವಿಮೆ ತಪ್ಪಿಸಬೇಡಿ. 2024ರ ಮೇ 26ರ ಬೆಳಗಿನ ಜಾವ ಸುಂಟರಗಾಳಿ ರಾಜರ್ಸ್ ಮೇಲೆ ಹಾದುಹೋದಾಗ ನಾವು ಮೂವರೂ ಕಿಟಕಿಯಿಲ್ಲದ ಬಚ್ಚಲಲ್ಲಿ ಕೂತಿದ್ದೆವು. ಅಂಥ ಒಳಕೋಣೆ ಇದೆಯಾ ಅಂತ ಮನೆ ನೋಡುವಾಗಲೇ ನೋಡಿಕೊಳ್ಳಿ, ಸಾಧ್ಯವಾದರೆ ನೆಲಮಹಡಿ ಹಿಡಿಯಿರಿ.

ಹೊಸ್ತಿಲಿಗೆ ಈಗ ಒಂದು ದಾರಿ ಮಾಡಿಕೊಂಡಿದ್ದೇವೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಮರದ ಹಲಗೆ ತಂದು ಬಾಗಿಲ ಅಳತೆಗೆ ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿದೆ. ಅರಿಶಿನ, ಕುಂಕುಮ ಎಲ್ಲ ಅದಕ್ಕೇ. ಶುಕ್ರವಾರ ಬೆಳಿಗ್ಗೆ ಮಗಳು ಅದರ ಮೇಲೆ ಎರಡೆಳೆ ರಂಗೋಲಿ ಹಾಕಿ ಬಸ್ಸಿಗೆ ಓಡುತ್ತಾಳೆ. ಬೇಕಾದವರಿಗೆ ಕತ್ತರಿಸಿ ಕೊಡುತ್ತೇನೆ. ಇಲ್ಲಿಯ ಮುಂಬಾಗಿಲು ಸಾಮಾನ್ಯವಾಗಿ 36 ಇಂಚು, ಆದರೂ ಒಮ್ಮೆ ಅಳೆದುಕೊಂಡು ಬನ್ನಿ.