ಕನ್ನಡ ವೆಬ್ ಪುಟಗಳನ್ನು ಚೊಕ್ಕವಾಗಿ ಓದುವುದು, ಕೆಡದಂತೆ ಉಳಿಸಿಕೊಳ್ಳುವುದು

ಗಂಗಾವತಿ ಕಡೆ ಭತ್ತಕ್ಕೆ ಬೆಂಕಿ ರೋಗ ಬಿದ್ದಾಗ ಔಷಧಿಯ ಪ್ರಮಾಣ ಹುಡುಕುವವರಿಗೂ, ರಾಯಚೂರಿನಲ್ಲಿ ರೂಮು ಮಾಡಿಕೊಂಡು ಸಂವಿಧಾನದ 371ಜೆ ವಿಧಿಯ ಬಗ್ಗೆ ಟಿಪ್ಪಣಿ ಕೂಡಿಸುವ ಪರೀಕ್ಷಾರ್ಥಿಗೂ ಬೇಕಾದದ್ದು ಒಂದೇ: ಜಾಹೀರಾತು, ಪಾಪ್‌ಅಪ್, ತಾನೇ ಓಡುವ ವಿಡಿಯೊ ಇಲ್ಲದ ಬರಹ, ನೆಟ್‌ವರ್ಕ್ ಹೋದಾಗಲೂ ತೆರೆದುಕೊಳ್ಳುವ ಪ್ರತಿ. ಇದಕ್ಕೆ ಬೇಕಾದ ಸಾಧನಗಳೆಲ್ಲ ಉಚಿತ, ಕೆಲವು ಬ್ರೌಸರಿನಲ್ಲೇ ಇವೆ. ನಮ್ಮ ಸಲಹೆ ಇಷ್ಟು: ಓದಲು ರೀಡರ್ ವ್ಯೂ (ಪುಟದ ಬರಹವನ್ನಷ್ಟೇ ತೋರಿಸುವ ಬ್ರೌಸರಿನ ಸೌಲಭ್ಯ), ಇಟ್ಟುಕೊಳ್ಳಲು ಎಚ್‌ಟಿಎಂಎಲ್ ಫೈಲ್, ಜೆರಾಕ್ಸ್ ಅಂಗಡಿಗೆ ಮಾತ್ರ ಪಿಡಿಎಫ್. ಸಿಕ್ಕಿದ್ದನ್ನೆಲ್ಲ ಪಿಡಿಎಫ್ ಮಾಡಿಡುವ ರೂಢಿ ಕನ್ನಡ ಪುಟಗಳಿಗೆ ಒಗ್ಗುವುದಿಲ್ಲ.

ಓದುವುದು

ವಿಂಡೋಸ್ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಬರಹದ ಪುಟ ತೆರೆದು ಎಫ್9 ಒತ್ತಿ, ರೀಡರ್ ವ್ಯೂ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ಎಡ್ಜ್‌ನಲ್ಲೂ ಎಫ್9; ಅಲ್ಲಿ ಅದರ ಹೆಸರು ಇಮ್ಮರ್ಸಿವ್ ರೀಡರ್. ಕ್ರೋಮ್‌ನಲ್ಲಿ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ರೀಡಿಂಗ್ ಮೋಡ್ ಆರಿಸಬೇಕು. ಮೊಬೈಲಿನ ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಕ್ಕ ಹಾಳೆಯಂಥ ಗುರುತು ಕಾಣುತ್ತದೆ, ಅದನ್ನು ಮುಟ್ಟಿದರೆ ಸಾಕು.

ತೆರೆದ ಕೂಡಲೇ ಅಕ್ಷರದ ಗಾತ್ರಕ್ಕಿಂತ ಮೊದಲು ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಂತರ ಬಿಗಿಯಾಗಿದ್ದರೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಬಾಲ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿ ಕಣ್ಣಿಗೆ ಶ್ರಮ. ಅಕ್ಷರವೇ ಸಣಕಲಾಗಿ ಕಂಡರೆ ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಫಾಂಟ್ಸ್ ಭಾಗದಲ್ಲಿ ಅಡ್ವಾನ್ಸ್ಡ್ ಒತ್ತಿ, ಭಾಷೆಗಳ ಪಟ್ಟಿಯಿಂದ ಕನ್ನಡ ಆರಿಸಿ, ನೋಟೊ ಸ್ಯಾನ್ಸ್ ಕನ್ನಡ ಇಲ್ಲವೇ ನಿರ್ಮಲಾ ಯುಐ ಕೊಡಿ. ನಿರ್ಮಲಾ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತದೆ. ನೋಟೊವನ್ನು ನಾವೇ ಇಳಿಸಿಕೊಳ್ಳಬೇಕು. ಕಣ್ಣು ದಣಿದಾಗ ಎಡ್ಜ್‌ನಲ್ಲಿ ಕಂಟ್ರೋಲ್-ಶಿಫ್ಟ್-ಯು ಒತ್ತಿದರೆ ಬರಹವನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಸಪ್ನಾ, ಗಗನ್ ಎಂಬ ಎರಡು ದನಿಗಳಿವೆ, ಎರಡಕ್ಕೂ ಇಂಟರ್ನೆಟ್ ಬೇಕು.

ರೀಡರ್ ವ್ಯೂ ಕೈಕೊಡುವ ಜಾಗಗಳು ಗೊತ್ತಿರಲಿ. ಮುಖಪುಟದಲ್ಲಿ ಅದರ ಗುರುತೇ ಬರುವುದಿಲ್ಲ, ಏಕೆಂದರೆ ಅದು ಹುಡುಕುವುದು ಉದ್ದನೆಯ ಪ್ಯಾರಾಗಳನ್ನು. ‘ಮುಂದೆ ಓದಿ’ ಎಂಬ ಗುಂಡಿ ಇದ್ದರೆ ಮೊದಲು ಅದನ್ನು ಒತ್ತಿ, ಆಮೇಲೆ ರೀಡರ್‌ಗೆ ಹೋಗಿ. ಇಲ್ಲದಿದ್ದರೆ ಬರಹ ಅರ್ಧಕ್ಕೇ ನಿಲ್ಲುತ್ತದೆ. ಕೋಷ್ಟಕಗಳನ್ನು, ಪಕ್ಕದ ಚೌಕದಲ್ಲಿರುವ ಮಾಹಿತಿಯನ್ನು ಅದು ಕೆಲವೊಮ್ಮೆ ಕಸವೆಂದು ಬಿಸಾಡುತ್ತದೆ. ಹಾಗಾಗಿ ಎಕರೆಗೆ ಎಷ್ಟು ಗ್ರಾಂ, ಎಷ್ಟು ಲೀಟರ್ ನೀರು ಎಂಬಂಥ ಅಂಕಿಗಳನ್ನು ಮೂಲ ಪುಟದೊಂದಿಗೆ ತಾಳೆ ನೋಡದೆ ನಂಬಬೇಡಿ. ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿ ಮಾಡಿದ ಪುಟಗಳಂತೂ ರೀಡರ್‌ಗೆ ಬಂದ ಕೂಡಲೇ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತವೆ. ಆ ಪುಟಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ, ರೀಡರ್ ಆ ಫಾಂಟನ್ನು ಕಳಚಿಬಿಡುತ್ತದೆ. ಅಂಥ ಪಠ್ಯವನ್ನು ನಕಲು ಮಾಡಿ, ಅದನ್ನು ನಿಜವಾದ ಕನ್ನಡ ಅಕ್ಷರಗಳಾಗಿಸುವ ಯೂನಿಕೋಡ್ ಪರಿವರ್ತಕಕ್ಕೆ ಹಾಕಿಯೇ ಬಳಸಬೇಕು.

ರೀಡರ್ ಒಪ್ಪದ ಪುಟಗಳಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಸಾಧನ) ಇದೆ. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲೂ ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲೂ ಪೂರ್ತಿ ಕೆಲಸ ಮಾಡುತ್ತದೆ. ಈಗಿನ ಕ್ರೋಮ್‌ಗೆ ಸಿಗುವುದು ಅದರ ಲೈಟ್ ಆವೃತ್ತಿ ಮಾತ್ರ. ಯುಬ್ಲಾಕ್‌ನಲ್ಲಿರುವ ಮಿಂಚಿನ ಗುರುತು ಒತ್ತಿ ಅಡ್ಡ ಬಂದ ಪಟ್ಟಿಯ ಮೇಲೆ ಕ್ಲಿಕ್ ಮಾಡಿದರೆ ಅದು ಆ ಹೊತ್ತಿಗೆ ಮಾಯ. ಡ್ರಾಪರ್ ಗುರುತು ಒತ್ತಿ ಆರಿಸಿ ‘ಕ್ರಿಯೇಟ್’ ಕೊಟ್ಟರೆ ಮುಂದಿನ ಸಲವೂ ಬರುವುದಿಲ್ಲ.

ಉಳಿಸುವುದು

ಕಂಟ್ರೋಲ್-ಎಸ್ ಒತ್ತಿ ‘ಕಂಪ್ಲೀಟ್’ ಎಂದು ಉಳಿಸಿದರೆ ಒಂದು ಫೈಲು, ಅದರ ಪಕ್ಕ ಚಿತ್ರಗಳ ಒಂದು ಫೋಲ್ಡರ್ ಬರುತ್ತದೆ. ಪೆನ್‌ಡ್ರೈವ್‌ಗೆ ಹಾಕುವಾಗ ಫೋಲ್ಡರ್ ಮರೆತರೆ ಚಿತ್ರಗಳೆಲ್ಲ ಹೋದವು. ಕ್ರೋಮ್‌ನ ‘ಸಿಂಗಲ್ ಫೈಲ್’ ಆಯ್ಕೆ ಎಂಎಚ್‌ಟಿಎಂಎಲ್ ಫೈಲ್ ಕೊಡುತ್ತದೆ, ಆದರೆ ಫೈರ್‌ಫಾಕ್ಸ್ ಅದನ್ನು ತೆರೆಯದು. ಇವೆರಡರ ಬದಲು ಸಿಂಗಲ್‌ಫೈಲ್ ಎಂಬ ಹೆಸರಿನ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದು ಚಿತ್ರಗಳನ್ನೂ ಒಳಗೇ ಸೇರಿಸಿ, ಯಾವ ಬ್ರೌಸರಿನಲ್ಲೂ ತೆರೆಯುವ ಒಂದೇ ಎಚ್‌ಟಿಎಂಎಲ್ ಫೈಲ್ ಮಾಡುತ್ತದೆ. ಚಿತ್ರಗಳನ್ನು ಪಠ್ಯವಾಗಿ ಬದಲಿಸಿ ಇಡುವುದರಿಂದ ಅವುಗಳ ತೂಕ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ, ಅಷ್ಟು ಕೊಡಬಹುದು.

ಕ್ರಮ ಹೀಗಿರಲಿ: ಪುಟವನ್ನು ಕೊನೆಯವರೆಗೆ ನಿಧಾನವಾಗಿ ಇಳಿಸಿ ನೋಡಿ, ಏಕೆಂದರೆ ಎಷ್ಟೋ ತಾಣಗಳು ಕಣ್ಣ ಮುಂದೆ ಬಂದಾಗಲಷ್ಟೇ ಚಿತ್ರ ತರಿಸುತ್ತವೆ. ಬೇಕಾದ ಭಾಗವನ್ನಷ್ಟೇ ಮೌಸಿನಿಂದ ಎಳೆದು ಆರಿಸಿ, ರೈಟ್ ಕ್ಲಿಕ್ ಮಾಡಿ, ಸಿಂಗಲ್‌ಫೈಲ್ ಮೆನುವಿನಲ್ಲಿ ಆಯ್ದ ಭಾಗ ಉಳಿಸುವ ಆಯ್ಕೆ ಒತ್ತಿ. ಇದನ್ನು ಮೂಲ ಪುಟದಲ್ಲೇ ಮಾಡಬೇಕು; ಫೈರ್‌ಫಾಕ್ಸ್‌ನ ರೀಡರ್ ವ್ಯೂ ಒಳಗೆ ಎಕ್ಸ್‌ಟೆನ್ಷನ್‌ಗಳಿಗೆ ಪ್ರವೇಶವಿಲ್ಲ. ಪುಟದ ವಿಳಾಸ ಮತ್ತು ಉಳಿಸಿದ ದಿನಾಂಕ ಫೈಲಿನ ಒಳಗೆ ಮೊದಲಿಗೇ ದಾಖಲಾಗುತ್ತದೆ. ನೆಟ್ ಬಂದ್ ಮಾಡಿ ಒಮ್ಮೆ ತೆರೆದು ಪರೀಕ್ಷಿಸಿ.

ಫೈಲಿನ ಹೆಸರು ಚಿಕ್ಕದಿರಲಿ. ಆಂಡ್ರಾಯ್ಡ್ ಮತ್ತು ಲಿನಕ್ಸ್‌ನಲ್ಲಿ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ‘ಷ್ಟ್ರ’ ಒಂದಕ್ಕೇ 15 ಬೈಟ್ ಆಗುತ್ತದೆ: ಮೂರು ವ್ಯಂಜನ, ನಡುವೆ ಎರಡು ಅರ್ಧಾಕ್ಷರ ಚಿಹ್ನೆ. ಸುದ್ದಿಯ ಉದ್ದ ತಲೆಬರಹವೇ ಹೆಸರಾದಾಗ ಮೊಬೈಲಿಗೆ ನಕಲಾಗದೆ ನಿಲ್ಲುವುದು ಇದರಿಂದಲೇ.

ಕಾಗದಕ್ಕೆ

ಪಿಡಿಎಫ್ ಅಕ್ಷರದ ಆಕಾರವನ್ನು ಇಡುತ್ತದೆ. ಒತ್ತಕ್ಷರ, ಗುಣಿತದ ಹಿಂದಿನ ಮೂಲ ಕ್ರಮ ಹಲವು ಸಲ ಕಳೆದುಹೋಗುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಹುಡುಕಿದರೆ ಸಿಗದು, ನಕಲು ಮಾಡಿದರೆ ಅಕ್ಷರ ಹಿಂದುಮುಂದು. ನಿಮ್ಮ ಪಿಡಿಎಫ್ ತೆರೆದು ಕಂಟ್ರೋಲ್-ಎಫ್ ಒತ್ತಿ, ಅದರಲ್ಲಿರುವ ‘ತುಂಗಭದ್ರಾ’ದಂಥ ಒತ್ತಕ್ಷರದ ಪದ ಹುಡುಕಿ ನೋಡಿ. ನೂರಾರು ಟಿಪ್ಪಣಿ ಕೂಡಿಸುವ ಅಭ್ಯರ್ಥಿಗೆ ಇದು ಸಣ್ಣ ನಷ್ಟವಲ್ಲ.

ಮುದ್ರಣಕ್ಕೆ ರೀಡರ್ ವ್ಯೂನಿಂದಲೇ ಕಂಟ್ರೋಲ್-ಪಿ ಒತ್ತಿ, ಪಿಡಿಎಫ್ ಆಗಿ ಉಳಿಸುವ ಆಯ್ಕೆ ಆರಿಸಿ. ಕಾಗದ ಎ4, ಹಿನ್ನೆಲೆ ಚಿತ್ರ ಬೇಡ. ಹೆಡರ್-ಫೂಟರ್ ಇರಲಿ, ದಿನಾಂಕ, ವಿಳಾಸ ಅಲ್ಲೇ ಅಚ್ಚಾಗುತ್ತವೆ. ಮೂಲ ಪುಟದಿಂದ ಮುದ್ರಿಸಿದರೆ ತಲೆಯಲ್ಲಿ ಅಂಟಿಕೊಂಡ ಪಟ್ಟಿ ಪ್ರತಿ ಹಾಳೆಯಲ್ಲೂ ಬಂದು ಎರಡು ಸಾಲು ಮುಚ್ಚುತ್ತದೆ. ಯುಬ್ಲಾಕ್‌ನ ಮಿಂಚಿನ ಗುರುತಿನಿಂದ ಅದನ್ನು ಮೊದಲೇ ತೆಗೆಯಿರಿ. ದುಡ್ಡು ಉಳಿಸಲು ಒಂದು ಹಾಳೆಗೆ ಎರಡು ಪುಟ ಹಾಕಿಸಿದರೆ ಒತ್ತಕ್ಷರಗಳು ಚುಕ್ಕೆಯಾಗುತ್ತವೆ. ಅದರ ಬದಲು ಎರಡೂ ಬದಿಗೆ ಮುದ್ರಿಸಲು ಹೇಳಿ.

ಬೇರೆಯವರ ಸೇವೆಯಲ್ಲಿ ಕೂಡಿಟ್ಟದ್ದು ನಮ್ಮದಾಗಿ ಉಳಿಯುತ್ತದೆಂಬ ಭರವಸೆ ಇಲ್ಲ. ಬರಹಗಳನ್ನು ಆಮೇಲೆ ಓದಲು ಕೂಡಿಡಲು ಬಹಳ ಮಂದಿ ಬಳಸುತ್ತಿದ್ದ ಪಾಕೆಟ್ ಸೇವೆಯನ್ನು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2025ರ ಜುಲೈ 8ರಂದು ನಿಲ್ಲಿಸಿತು. ಫೈಲ್ ನಿಮ್ಮ ಡಿಸ್ಕ್‌ನಲ್ಲೂ ಇನ್ನೊಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ಸುದ್ದಿಗೆ ಮಾತ್ರ ಇನ್ನೊಂದು ಹೆಜ್ಜೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಂಥ ಘಟನೆಯಲ್ಲಿ ಒಂದೇ ವಿಳಾಸದ ಸುದ್ದಿ ಗಂಟೆಗೊಮ್ಮೆ ಬದಲಾಗುತ್ತದೆ, ಹಳೆಯ ಅಂಕಿ ಅಳಿಯುತ್ತದೆ. ಅಂಥ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ‘ಸೇವ್ ಪೇಜ್ ನೌ’ ಚೌಕಕ್ಕೆ ಹಾಕಿ. ದಿನಾಂಕ, ಸಮಯದೊಂದಿಗೆ ಸಾರ್ವಜನಿಕ ಪ್ರತಿ ಉಳಿಯುತ್ತದೆ, ಬೇರೆಯವರೂ ಅದನ್ನು ನೋಡಿ ಖಚಿತಪಡಿಸಿಕೊಳ್ಳಬಹುದು. ಲಾಗಿನ್ ಕೇಳುವ ಪುಟಗಳು ಅಲ್ಲಿ ಉಳಿಯುವುದಿಲ್ಲ. ಅವಕ್ಕೆ ಸಿಂಗಲ್‌ಫೈಲ್ ಬಳಸಿ.